ಒಂದು ಡಬ್ಬಿ, ಎರಡು ಟಿ.ವಿ.

ಮನೆಯಲ್ಲಿ ಶಾಂತಿ ತರಲು ಹೊರಟ ಗಂಡಸಿನಷ್ಟು ಅಪಾಯಕಾರಿ ಪ್ರಾಣಿ ಇನ್ನೊಂದಿಲ್ಲ ಎಂಬುದು ನನ್ನ ಹೆಂಡತಿ ಶೈಲಾಳ ಅಭಿಪ್ರಾಯ. ಜಗಳ ಆಡುವವರು ಆಡಿ ಸುಮ್ಮನಾಗುತ್ತಾರೆ, ಬಿಡಿಸಲು ಹೋದವನು ಮಾತ್ರ ಡ್ರಿಲ್ ಮಷಿನ್ ತಂದು ಗೋಡೆಗೆ ತೂತು ಹೊಡೆಯುತ್ತಾನೆ ಎಂದು ಅವಳು ಬಂದವರಿಗೆಲ್ಲ ಹೇಳುತ್ತಾಳೆ. ಬಂದವರು ಗೋಡೆಯ ಕಡೆ ನೋಡುತ್ತಾರೆ. ತೂತು ಅಲ್ಲೇ ಇದೆ. ನಿಜ ಹೇಳಬೇಕೆಂದರೆ ಎರಡಿವೆ. ಮೊದಲನೆಯದು ಕಬ್ಬಿಣದ ಸರಳಿಗೆ ತಾಗಿ ಅರ್ಧಕ್ಕೇ ನಿಂತುಹೋಯಿತು.

ನಾನು ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವವನು. ಅಧಿಕಾರ ಹಂಚಿಕೆಯ ಬಗ್ಗೆ ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ತೂಕಡಿಸುವ ಹುಡುಗರು ತಕರಾರು ಮಾಡುವುದಿಲ್ಲವಾದ್ದರಿಂದ ವಿಷಯ ನನಗೆ ಚೆನ್ನಾಗಿ ತಿಳಿದಿದೆ ಎಂದೇ ನಂಬಿದ್ದೆ. ಮಹಾಂತೇಶ ನಗರದ ನಮ್ಮ ಮನೆಯಲ್ಲಿ ಮಾತ್ರ ಅಧಿಕಾರ ಹಂಚಿಕೆಯಾಗಿರಲಿಲ್ಲ. ನನ್ನ ಅವ್ವ ಪಾರಿಶ್ವಾಡದಿಂದ ಬಂದು ನಮ್ಮೊಂದಿಗೆ ಇರತೊಡಗಿದ ದಿನವೇ ಹಾಲಿನ ಸೋಫಾದ ಬಲತುದಿಯನ್ನೂ ಟಿ.ವಿ.ಯ ರಿಮೋಟನ್ನೂ ವಶಪಡಿಸಿಕೊಂಡಿದ್ದಳು. ಸಂಜೆ ಅವಳದೊಂದು ಕನ್ನಡ ಧಾರಾವಾಹಿ. ಅದರಲ್ಲಿ ನೆನಪು ಕಳೆದುಕೊಂಡ ಸೊಸೆಯೊಬ್ಬಳು ತನ್ನ ಸ್ವಂತ ಮನೆಗೇ ಅಡುಗೆಯವಳಾಗಿ ಸೇರಿದ್ದಳು. ಗಂಡನಿಗಾಗಲಿ ಅತ್ತೆಗಾಗಲಿ ಗುರುತು ಸಿಕ್ಕಿರಲಿಲ್ಲ. ಅವ್ವನಿಗೆ ಸಿಕ್ಕಿತ್ತು. ದಿನಾ ಸಂಜೆ ಅವರಿಗೆ ಅದನ್ನು ತಿಳಿಸಿ ಹೇಳುತ್ತಿದ್ದಳು, ಅವರು ಕೇಳಿಸಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಶೈಲಾಳ ತಾಯಿ ಮೊಣಕಾಲಿನ ಆಪರೇಷನ್ ಮಾಡಿಸಿಕೊಳ್ಳಲು ಖಾನಾಪುರದಿಂದ ಬಂದರು. ಆಪರೇಷನ್ ಆದಮೇಲೂ ಕೆಲವು ತಿಂಗಳು ನಮ್ಮಲ್ಲೇ ಇರಬೇಕಾಯಿತು. ಅತ್ತೆಯ ಮನೆಮಾತು ಕನ್ನಡ, ಓದಿದ್ದು ಮರಾಠಿ ಶಾಲೆ. ಆದ್ದರಿಂದ ಲೆಕ್ಕ, ಸಿಟ್ಟು, ಧಾರಾವಾಹಿ ಈ ಮೂರೂ ಅವರಿಗೆ ಮರಾಠಿಯಲ್ಲೇ ಆಗಬೇಕು. ಅವರ ಧಾರಾವಾಹಿಯೂ ಸರಿಯಾಗಿ ಅದೇ ಹೊತ್ತಿಗೆ ಬರುತ್ತಿತ್ತು.

ಇಬ್ಬರೂ ಜಗಳವಾಡಿದ್ದರೆ ಚೆನ್ನಾಗಿತ್ತು. ಇಬ್ಬರೂ ದೊಡ್ಡತನ ತೋರಿಸಿದರು. ತನಗೆ ಟಿ.ವಿ. ಹುಚ್ಚೇ ಇಲ್ಲವೆಂದು ಅತ್ತೆ ಒಳಕೋಣೆಯಿಂದ ಹಾಲಿಗೆ ಕೇಳಿಸುವಂತೆ ಹೇಳುವರು. ನೋಡುವವರಿದ್ದರೆ ನೋಡಲಿ, ತನಗೇನು ಎಂದು ಅವ್ವ ರಿಮೋಟನ್ನು ತೊಡೆಯ ಕೆಳಗೆ ಸರಿಸಿಕೊಳ್ಳುವಳು. ಈ ಸೌಜನ್ಯದ ಕಾವಿನಲ್ಲಿ ಮನೆಯಲ್ಲಿ ಉಸಿರಾಡುವುದು ಕಷ್ಟವಾಯಿತು.

"ಹಳೀ ಟಿ.ವಿ. ಅಟ್ಟದ ಮ್ಯಾಲೆ ಐತಿ. ಅದಕ್ಕ ಇನ್ನೊಂದು ಸೆಟ್‌ಟಾಪ್ ಡಬ್ಬಿ ತಗೊಂಡು ಬಂದ್ರ ಮುಗೀತಲ್ರಿ," ಎಂದಳು ಶೈಲಾ.

ನಾನು ನಕ್ಕೆ. ಸಿಗ್ನಲ್ಲು ಆಕಾಶದಿಂದ ಇಳಿದು ಹಾಲಿನವರೆಗೆ ಬಂದಾಗಿದೆ. ಅಲ್ಲಿಂದ ಪಕ್ಕದ ಕೋಣೆಗೆ ಒಯ್ಯುವುದು ನಲ್ಲಿಯ ನೀರನ್ನು ಬಚ್ಚಲಿಗೆ ಒಯ್ದಂತೆ ಎಂದು ಅವಳಿಗೆ ವಿವರಿಸಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿ, ಉದ್ದನೆಯ ವೈರು ತಂದು, ಭಾನುವಾರವಿಡೀ ಗೋಡೆಯೊಂದಿಗೆ ಹೋರಾಡಿ, ಹಾಲಿನಲ್ಲಿದ್ದ ಡಬ್ಬಿಯಿಂದ ಒಳಕೋಣೆಯ ಟಿ.ವಿ.ಗೆ ಸಂಪರ್ಕ ಕೊಟ್ಟೆ. ಚಿತ್ರ ಮೂಡಿತು. ಸುಣ್ಣದ ಧೂಳು ಮೆತ್ತಿದ ತಲೆಯಲ್ಲಿ ನಾನು ಎಲ್ಲರನ್ನೂ ಕರೆದು ನಿಲ್ಲಿಸಿ ತೋರಿಸಿದೆ.

"ಭಾಳ ಛಲೋ ಆತು ಅಳ್ಯಾರ," ಎಂದರು ಅತ್ತೆ. "ಈಗ ನಮ್ಮ ಚಾನೆಲ್ ಹಚ್ರಿ."

ವಿಡಿಯೋದವನು ಹೇಳದೆ ಬಿಟ್ಟ ಸಂಗತಿ ನನಗೆ ಹೊಳೆದದ್ದು ಆಗಲೇ. ಡಬ್ಬಿ ಒಂದೇ ಆದಮೇಲೆ ಹಾಲಿನಲ್ಲಿ ಏನು ಬರುತ್ತದೋ ಒಳಗೂ ಅದೇ. ಇಲ್ಲಿಯವರೆಗೆ ಅತ್ತೆಗೆ ನೆನಪುಗೆಟ್ಟ ಸೊಸೆಯ ದನಿ ಮಾತ್ರ ಗೋಡೆಯಾಚೆಯಿಂದ ಕೇಳುತ್ತಿತ್ತು. ಈಗ ಮುಖವೂ ಕಾಣತೊಡಗಿತು.

ಬುದ್ಧಿಯಿದ್ದವನು ಆಗಲೇ ಎರಡನೇ ಡಬ್ಬಿ ತರುತ್ತಿದ್ದ. ನಾನು ರಿಮೋಟಿನ ಸಂಕೇತವನ್ನು ಗೋಡೆ ದಾಟಿಸುವ ಪುಟ್ಟ ಯಂತ್ರವೊಂದನ್ನು ತಂದೆ. ಅದರ ಜೊತೆಗೆ ಇನ್ನೊಂದು ರಿಮೋಟು ತಂದು ಅತ್ತೆಯ ಕೈಗಿಟ್ಟೆ. ಅವ್ವನಿಗೆ ಈ ವಿಷಯ ಹೇಳಲಿಲ್ಲ. ಹಾಲಿನಲ್ಲೂ ಚಾನೆಲ್ ಬದಲಾಗುತ್ತದೆಂದು ಅತ್ತೆಗೂ ಹೇಳಲಿಲ್ಲ. ಗೊತ್ತಾಗುವಷ್ಟರಲ್ಲಿ ಇಬ್ಬರೂ ಹೇಗೋ ಹೊಂದಿಕೊಂಡಿರುತ್ತಾರೆ ಎಂದುಕೊಂಡೆ. ಹೇಗೆ ಎಂದು ಯೋಚಿಸಿರಲಿಲ್ಲ.

ಮರುದಿನ ಸಂಜೆ ಧಾರಾವಾಹಿಯ ಸೊಸೆಗೆ ನೆನಪು ಬರುವುದರಲ್ಲಿತ್ತು. ಹಣೆ ಹಿಡಿದುಕೊಂಡು ಬಾಯಿ ತೆರೆದಳು, ಅಷ್ಟರಲ್ಲಿ ಮೀಸೆಯ ವಕೀಲನೊಬ್ಬ ಮರಾಠಿಯಲ್ಲಿ ವಾದ ಮಂಡಿಸತೊಡಗಿದ. ಅವ್ವ ಬೆಚ್ಚಿ ತನ್ನ ಗುಂಡಿ ಒತ್ತಿದಳು. ಸೊಸೆ ಬಂದಳು. ಒಳಗಿನಿಂದ ಅತ್ತೆ ಒತ್ತಿದರು. ವಕೀಲ ಬಂದ. ಅವ್ವ ಸೆಲ್ಲು ತೆಗೆದು ಉಜ್ಜಿ ಹಾಕಿದಳು, ರಿಮೋಟನ್ನು ಅಂಗೈಗೆ ಬಡಿದಳು. ಏನಾಗಿದೆ ಎಂದು ನನ್ನನ್ನು ಕೇಳಿದಾಗ, ಜಾಂಬೋಟಿ ಕಡೆ ಮಳೆ ಜೋರಾಗಿದೆ, ಅದಕ್ಕೇ ಸಿಗ್ನಲ್ ಹೀಗೆ ಎಂದೆ. ಒಳಗೆ ಹೋದರೆ ಅತ್ತೆಯೂ ಅದನ್ನೇ ಕೇಳಿದರು. ಒಂದೇ ಸುಳ್ಳನ್ನು ಎರಡು ಸಲ ಹೇಳಲು ಸಂಕೋಚವಾಗಿ, ಗಡಿ ಭಾಗದಲ್ಲಿ ಡಬ್ಬಿಗೂ ಎರಡು ಭಾಷೆಯ ಗೊಂದಲ ಇರುತ್ತದೆ ಎಂದೆ. ಓದಿದ ಅಳಿಯ ಹೇಳಿದ್ದೆಂದು ನಂಬಿದರು. ವಾರವೊಂದು ಹೀಗೆಯೇ ಕಳೆಯಿತು.

ಕಡೆಗೊಂದು ಸಂಜೆ ಅವ್ವ ಚಹಾ ಕೊಡಲು ಒಳಕೋಣೆಗೆ ಹೋದವಳು ಅತ್ತೆಯ ಕೈಯಲ್ಲಿನ ರಿಮೋಟನ್ನೂ ಎದುರಿನ ವಕೀಲನನ್ನೂ ಒಟ್ಟಿಗೆ ನೋಡಿದಳು.

"ಇಷ್ಟ ದಿನ ನೀವಽ ಬದ್ಲಿ ಮಾಡಾಕತ್ತಿದ್ರೇನು?" ಎಂದಳು.

ಅತ್ತೆಯ ಮುಖ ಇಳಿದುಹೋಯಿತು. ಕದ್ದು ಬದಲಿಸಿದಿರಿ ಎಂಬಂಥ ಮಾತನ್ನು ಅವರು ಬದುಕಿನಲ್ಲಿ ಕೇಳಿದವರಲ್ಲ. ರಿಮೋಟನ್ನು ಹಾಸಿಗೆಯ ಮೇಲಿಟ್ಟು, ಗೋಡೆ ಹಿಡಿದು ಎದ್ದು, ಚೀಲಕ್ಕೆ ಸೀರೆ ತುಂಬತೊಡಗಿದರು. ಮೆಟ್ಟಿಲು ಹತ್ತಲು ಡಾಕ್ಟರು ಇನ್ನೂ ಬಿಟ್ಟಿರಲಿಲ್ಲ. ಖಾನಾಪುರದ ಬಸ್ಸು ಹತ್ತಿಸಿಬಿಡು ಎಂದು ಮಗಳಿಗೆ ಹೇಳಿದರು. ಶೈಲಾ ನನ್ನನ್ನು ನೋಡಿದಳು. ನಾನು ಬಾಗಿಲ ಸಂದಿಯಲ್ಲಿ ಪರದೆ ಸರಿಮಾಡುತ್ತ ನಿಂತಿದ್ದೆ.

"ಗಡಿ ಭಾಗದಾಗ ಡಬ್ಬಿ ಹಿಂಗಽ ಮಾಡತಾವ ಅಂತ ಅಳ್ಯಾರು ಹೇಳಿದ್ದರ್ರಿ," ಎಂದರು ಅತ್ತೆ, ಸೀರೆ ಮಡಚುತ್ತ, ಕಣ್ಣು ತುಂಬಿಕೊಂಡು.

ಅವ್ವ ಚಹಾದ ಕಪ್ಪನ್ನು ಕೆಳಗಿಟ್ಟಳು. "ನನಗ ಜಾಂಬೋಟಿ ಮಳಿ ಅಂದಿದ್ದ," ಎಂದಳು.

ಇಬ್ಬರೂ ನನ್ನ ಕಡೆ ತಿರುಗಿದರು. ಮೊದಲು ನಕ್ಕವರು ಅತ್ತೆ. ಆಮೇಲೆ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಾಸಿಗೆಯ ಮೇಲೆ ಕೂತುಬಿಟ್ಟಳು. ನಗು ತಗ್ಗಿದ ಮೇಲೆ ಅತ್ತೆಯ ಕೈಯಿಂದ ಚೀಲ ತೆಗೆದಿಟ್ಟಳು.

"ಹೊರಗ ಬರ್ರಿ ಬೀಗರ. ನಿಮ್ದು ನೋಡೂಣು. ನಂದು ನಾಳೆ ಮಧ್ಯಾಹ್ನ ಮತ್ತ ಹಾಕ್ತಾರ."

ಎಷ್ಟೋ ಸಂಜೆ ಆ ಸೊಸೆಗೆ ನೆನಪು ಬರಲೆಂದು ಕಾದವಳು ಇಷ್ಟು ಹೇಳಿದ್ದು ಸಣ್ಣ ಮಾತಲ್ಲ. ಎರಡು ದಿನ ತಡೆದು ನಾನು ಎರಡನೇ ಡಬ್ಬಿಯನ್ನು ತಂದು ಹಾಕಿಸಿದೆ. ಒಳಕೋಣೆಯ ಟಿ.ವಿ. ಈಗ ಸರ್ವಸ್ವತಂತ್ರ. ಆದರೆ ಅದನ್ನು ನೋಡುವವರಿಲ್ಲ. ಹಾಲಿನಲ್ಲಿ ಅತ್ತೆ ವಕೀಲನ ಮಾತಿಗೆ ಕನ್ನಡ ಅರ್ಥ ಹೇಳುತ್ತಾರೆ, ಅವ್ವ ಆ ವಕೀಲ ಹೇಗೆ ವಾದಿಸಬೇಕಿತ್ತೆಂದು ಹೇಳುತ್ತಾಳೆ, ಅಡುಗೆಮನೆಯಿಂದ ಶೈಲಾಳೂ ಬಂದು ನಡುವೆ ಕೂರುತ್ತಾಳೆ.

ಹೀಗಾಗಿ ಒಳಕೋಣೆ ನನ್ನ ಪಾಲಿಗೆ ಬಂತು. ನಿನ್ನೆ ಅಲ್ಲಿ ಸುದ್ದಿ ಚರ್ಚೆ ಹಚ್ಚಿ ಕೂತೆ. ಒಂದಷ್ಟು ಜನ ಏಕಕಾಲಕ್ಕೆ ಕೂಗಾಡುತ್ತಿದ್ದರು. ಹಾಲಿನಿಂದ ಮೂವರ ನಗು ಕೇಳಿಸಿತು. ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಸೋಫಾದಲ್ಲಿ ಜಾಗವಿರಲಿಲ್ಲ.

"ಕುಂದರಾಂವ ಇದ್ರ ಕೆಳಗ ಕುಂದರು," ಎಂದಳು ಅವ್ವ, ತಿರುಗಿಯೂ ನೋಡದೆ. "ನಡುವ ಮಾತಾಡಬ್ಯಾಡ."

ನೆಲದ ಮೇಲೆ ಕೂತೆ. ತೆರೆಯ ಮೇಲೆ ಹೊಸ ಹುಡುಗಿಯೊಬ್ಬಳು ಅಳುತ್ತಿದ್ದಳು. ಯಾರವಳು ಎಂದು ಕೇಳಲು ಬಾಯಿ ತೆರೆದೆ. ಮೂವರೂ ತಿರುಗಿ ನೋಡಿದರು. ಮುಚ್ಚಿಕೊಂಡೆ. ಅವಳು ಯಾರೆಂದು ನನಗಿನ್ನೂ ತಿಳಿದಿಲ್ಲ.