ಮಾವನವರ ರೈಲಿಗೆ ನಾನು ಎಣ್ಣೆ ಬಿಟ್ಟಿದ್ದು

"ನಿಮ್ಮ ಎಂಜಿನ್ ನನ್ನ ಕೈಗೆ ಕೊಡಿ ಮಾವ, ಬೆಣ್ಣೆ ಥರ ಓಡೋ ಹಾಗೆ ಮಾಡಿ ಕೊಡ್ತೀನಿ!" ಎಂದು ಎದೆ ತಟ್ಟಿಕೊಂಡು ಹೇಳಿದವನು ನಾನೇ, ಒಪ್ಪಿಕೊಳ್ಳುತ್ತೇನೆ.

ಗಡಿಯಾರ ರಿಪೇರಿ ಮಾಡುತ್ತಲೇ ತಲೆ ನರೆಸಿಕೊಂಡ ನಮ್ಮ ಮಾವ, ಮಗಳನ್ನು ಕೊಟ್ಟ ಮೇಲೆ ನನ್ನ ಕೈಗೆ ಒಂದು ಸ್ಕ್ರೂಡ್ರೈವರ್ ಕೂಡ ಕೊಟ್ಟವರಲ್ಲ. ಅಂಥವರು ತಮ್ಮ ಪ್ರಾಣವೇ ಆಗಿದ್ದ ಅಂಗೈಯಗಲದ ಮಾದರಿ ರೈಲಿನ ಎಂಜಿನ್ನನ್ನು ಹಳಿಗಳ ಸಮೇತ ಕೊಟ್ಟುಬಿಟ್ಟರು! "ಗಾಲಿಗೆ ಸೂಜಿ ಮೊನೆಯಷ್ಟು ಎಣ್ಣೆ ಸಾಕು. ಭಾನುವಾರ ನಾಲ್ಕಕ್ಕೆ ಬರ್ತೀನಿ" ಎಂದರು. ಅವರ ಬಾಯಿಂದ ಒಂದೇ ಒಂದು 'ಶಹಬ್ಬಾಸ್' ಕೇಳಬೇಕೆಂಬುದು ನನ್ನ ಬಹುದಿನಗಳ ಆಸೆ.

ಭಾನುವಾರ ಊಟವಾದ ಮೇಲೆ ಮೇಜಿನ ಮೇಲೆ ಎಂಜಿನ್ ಬಿಚ್ಚಿದೆ. ಹಳೆಯ ಟೂತ್‌ಬ್ರಷ್‌ನಿಂದ ಧೂಳು ಉಜ್ಜಿದೆ, ಶರ್ಟಿನ ಗುಂಡಿಯಷ್ಟಿದ್ದ ಗಾಲಿಗಳನ್ನು ಒರೆಸಿದೆ. ಹೊಲಿಗೆ ಯಂತ್ರದ ಎಣ್ಣೆ ಡಬ್ಬಿ ಹಿಡಿದೆ. ಕಿಟಕಿಯಿಂದ ಇಳಿಬಿಸಿಲು, ಹಿತವಾದ ಎಣ್ಣೆ ವಾಸನೆ. ಕಣ್ಣು ತೆರೆದೇ ಇತ್ತು, ನಾನು ಮಾತ್ರ ಅಲ್ಲಿರಲಿಲ್ಲ! ಆ ಎಂಜಿನ್ನಿನೊಳಗೆ ಕೂತು ಹೊರಟೇಬಿಟ್ಟಿದ್ದೆ. ಸಕ್ಕರೆ ಡಬ್ಬ ದಾಟಿದರೆ ಒಂದು ಊರು, ನೀರಿನ ಜಗ್ಗು ದಾಟಿದರೆ ಇನ್ನೊಂದು. ನಿಲ್ದಾಣ ನಿಲ್ದಾಣದಲ್ಲೂ ಜನ ಕೈಬೀಸುತ್ತಿದ್ದರು. ನಿಲ್ದಾಣ ನಿಲ್ದಾಣದಲ್ಲೂ ನಾನು ಗಾಲಿಗಳಿಗೆ ಎಣ್ಣೆ ಬಿಡುತ್ತಿದ್ದೆ. ಎಂಥ ಸುಖವಪ್ಪಾ ಅದು!

"ರೀ! ಡಬ್ಬಿ ಪೂರ್ತಿ ಖಾಲಿ!" ಹೆಂಡತಿ ಕಿರುಚಿದಳು.

"ಎಂಜಿನ್ ಕುಡೀತು ಕಣೇ..."

"ಕುಡಿದಿದ್ದು ಎಂಜಿನ್ನೋ, ನೀವೋ?"

ಅಷ್ಟರಲ್ಲಿ ಕರೆಗಂಟೆ. ಮಾವ! ಕೈಗೆ ಸಿಕ್ಕ ದಿಂಬಿನ ಕವರಿನಲ್ಲಿ ಎಂಜಿನ್ ಒರೆಸಿ, ಜೋಡಿಸಿ, ಹಳಿಯ ಮೇಲಿಟ್ಟೆ.

ಮೊದಲ ಸುತ್ತು ರಾಜಗಾಂಭೀರ್ಯದಿಂದ ಓಡಿತು. ನಾನು ಮೀಸೆ ತಿರುವಿದೆ. ಓಡುತ್ತಾ ಅದು ಹಳಿಯುದ್ದಕ್ಕೂ ಎಣ್ಣೆ ಬಳಿದದ್ದು ನನಗೇನು ಗೊತ್ತು? ಎರಡನೇ ಸುತ್ತಿಗೆ ಸರಿಯಾಗಿ ಮಾವನ ಕುರ್ಚಿಯ ಮುಂದೆ ನಿಂತಿತು. ಗಾಲಿಗಳು ಗಿರಗಿರ ತಿರುಗುತ್ತಿವೆ, ರೈಲು ಮಾತ್ರ ಒಂದಿಂಚು ಕದಲದು! ವೇಗ ಹೆಚ್ಚಿಸಿದೆ. ಗಾಲಿಗಳ ಆರ್ಭಟ ಹೆಚ್ಚಿತು, ಅಷ್ಟೇ. ಅದೇ ಕವರಿನಲ್ಲಿ ಹಳಿ ಒರೆಸಿದೆ. ಇದ್ದಬದ್ದ ಕಡೆಗೆಲ್ಲ ಎಣ್ಣೆ ಹರಡಿತು. ಹೆಂಡತಿ ದಿಂಬಿನ ಕವರನ್ನೂ ನನ್ನನ್ನೂ ನೋಡಿ ಹಲ್ಲು ಕಚ್ಚಿದಳು.

ಮಾವ ಕೋಪಿಸಿಕೊಳ್ಳಲಿಲ್ಲ. ಗಲ್ಲಕ್ಕೆ ಕೈಕೊಟ್ಟು, ಇದ್ದಲ್ಲೇ ತಿರುಗುವ ಗಾಲಿಗಳನ್ನು ಕನಸು ಕಾಣುವವರಂತೆ ಐದು ನಿಮಿಷ ನೋಡಿದರು. ನನಗೆ ಧೈರ್ಯ ಬಂತು.

"ಹೇಗಿದೆ ಮಾವ?"

"ಅಳಿಯಂದ್ರೇ," ಎಂದರು ಮೆಲ್ಲಗೆ, "'ನಮ್ಮನೆಯವರು ಬೆಳಗಿಂದ ಸಂಜೆವರೆಗೂ ಒಂದೇ ಸಮನೆ ದುಡೀತಾರಪ್ಪ' ಅಂತ ಮಗಳು ಹೇಳ್ತಾನೇ ಇರ್ತಾಳೆ. ಅದು ಹೇಗೆ ಅಂತ ಇವತ್ತು ಕಣ್ಣಾರೆ ನೋಡಿದೆ!"