ನಾಲ್ಕೇ ಸೆಕೆಂಡಿನಲ್ಲಿ ಪತ್ರ ಬರೆಯುವ ಯಂತ್ರದವರಿಗೆ ಒಂದು ವಿನಯದ ದೂರು

ಎಂದೂ ತಪ್ಪು ಮಾಡದ, ಎಂದೂ ದಣಿಯದ, ಎಂದೂ ಹಿಂದಿರುಗಿ ನೋಡದ ಬರಹಯಂತ್ರದವರ ಸಮ್ಮುಖಕ್ಕೆ, ಎಲ್ಲವನ್ನೂ ನಾಲ್ಕು ಸಲ ನೋಡುವವಳ ನಮಸ್ಕಾರಗಳು.

ಮಾನ್ಯರೇ,

ಮೊನ್ನೆ ಮಧ್ಯಾಹ್ನ ಕೂತಲ್ಲೇ ಕಣ್ಣು ಹತ್ತಿ ಒಂದು ಕೆಟ್ಟ ಕನಸು ಬಿತ್ತು. ನಾನು ತಿದ್ದದೆ ಬಿಟ್ಟ ಪತ್ರಗಳೆಲ್ಲ ಬೀದಿಗಿಳಿದು, ಮನೆಮನೆಯ ಕರೆಗಂಟೆ ಒತ್ತಿ, "ನಮ್ಮನ್ನ ಬರೆದೋಳು ಇವಳೇ" ಎಂದು ನನ್ನ ಕಡೆ ಬೆರಳು ತೋರಿಸುತ್ತಿದ್ದವು. ಬೆವೆತು ಎದ್ದು ಕಂಪ್ಯೂಟರ್ ತೆರೆದರೆ, ತಾವು ಕನಸನ್ನೂ ಮೀರಿಸಿದ್ದಿರಿ.

ನಾನು ಬಾಗಿಲು-ಕಿಟಕಿ ಮಾಡಿಸಿಕೊಡುವ ಯಜಮಾನರೊಬ್ಬರ ವರ್ಚುವಲ್ ಅಸಿಸ್ಟೆಂಟ್. ಅಂದರೆ ಅವರ ಪತ್ರಗಳನ್ನು ನನ್ನ ಅಡುಗೆಮನೆಯ ಮೇಜಿನಿಂದ ಬರೆಯುವವಳು. ಎಂಟನೇ ಕ್ಲಾಸಿಗೆ ಶಾಲೆ ನಿಂತಿತು, ಮತ್ತೆ ಸೇರಿದೆ, ಮತ್ತೆ ನಿಂತಿತು. ಐದು ವರ್ಷ ಈ ಕೆಲಸ ಉಳಿದದ್ದು ವಿದ್ಯೆಯಿಂದಲ್ಲ, ಭಯದಿಂದ. ಬರೆದದ್ದನ್ನೆಲ್ಲ ಅತ್ತೆಯವರಿಗೆ ಗಟ್ಟಿಯಾಗಿ ಓದುತ್ತೇನೆ. ಬೆಳ್ಳುಳ್ಳಿ ಬಿಡಿಸುತ್ತಾ ಕೂತ ಅವರು ಎಲ್ಲಿ ಮುಖ ಸಿಂಡರಿಸುತ್ತಾರೋ ಆ ವಾಕ್ಯ ಹೋಗುತ್ತದೆ. ಯಜಮಾನರು ಸಿಟ್ಟಿನಲ್ಲಿ ಹೇಳಿ ಬರೆಸಿದ ಪತ್ರವನ್ನಂತೂ ಹಗ್ಗದ ಮೇಲಿನ ಬಟ್ಟೆ ಒಣಗುವವರೆಗೆ ಕಳಿಸುವುದಿಲ್ಲ. ಅಷ್ಟರಲ್ಲಿ ಅವರದೇ ಫೋನು ಬರುತ್ತದೆ: "ಕಳ್ಸಿಬಿಟ್ರೇನಮ್ಮಾ? ಇಲ್ವಾ? ಅಬ್ಬಾ, ಬದುಕಿದೆ!"

ಇಂಥ ಹಳೇ ಕಾಲದ ಕಸುಬಿನ ನಡುವೆ, ಯಜಮಾನರ ಕರೆಯ ಮೇರೆಗೆ, ತಾವು ದಯಮಾಡಿಸಿದಿರಿ. ಹನ್ನೊಂದು ವರ್ಷದಿಂದ ನಮಗೇ ಕೆಲಸ ಕೊಡುತ್ತಿದ್ದ ಗಾರೆ ಮೇಸ್ತ್ರಿ, ಒಂದು ಬಾಗಿಲು ಮುಚ್ಚುತ್ತಿಲ್ಲವೆಂದು ಬರೆದಿದ್ದರು. "ಬಾಗ್ಲು ಸರಿ ಇದೆ, ಅವರ ಗೋಡೇನೇ ಸೊಟ್ಟ ಅಂತ ಹೇಳಿ" ಎಂದು ಯಜಮಾನರು ಫೋನಿನಲ್ಲೇ ನೇರ ತಮಗೆ ಗುಡುಗಿದರು. ನಾನಾಗಿದ್ದರೆ, ಬಡಗಿಯನ್ನು ಕಳಿಸುತ್ತೇವೆ, ಬಾಗಿಲು ಗೋಡೆ ಎರಡನ್ನೂ ಒಟ್ಟಿಗೆ ನೋಡೋಣ ಎಂದು ಬರೆಯುತ್ತಿದ್ದೆ. ತಾವೋ, "ತಮ್ಮ ಗೋಡೆ ಸೊಟ್ಟಗಿರುವುದನ್ನು ತಿಳಿಸಲು ಹರ್ಷಿಸುತ್ತೇವೆ" ಎಂದು ಬರೆದು, ನಾಲ್ಕೇ ಸೆಕೆಂಡಿನಲ್ಲಿ ಕಳಿಸಿಯೂ ಬಿಟ್ಟಿರಿ. ಎಂಥ ಶೈಲಿ! ಎಂಥ ಹರ್ಷ! ಆ ಗೋಡೆಯನ್ನು ಮೇಸ್ತ್ರಿ ತಮ್ಮ ಕೈಯಾರೆ ಕಟ್ಟಿದ್ದು ಎಂಬ ಸಣ್ಣ ಸಂಗತಿ ತಮ್ಮಂಥ ದೊಡ್ಡವರಿಗೆ ಯಾಕೆ ಬೇಕು? ನಮಗೆ ಬರಬೇಕಿದ್ದ ಹದಿನಾರು ಕಿಟಕಿಗಳ ಕೆಲಸವನ್ನು ಅವರು ಬೇರೆಯವರಿಗೆ ಒಪ್ಪಿಸಿದರು.

ಬೈಗುಳ ನನಗೆ ಬಂತು, ಅದು ರೂಢಿ. ಇನ್ನು ಮುಂದೆ ತಾವು ಬರೆದ ಪ್ರತಿಯೊಂದೂ ನನ್ನ ಕಣ್ಣಿಗೆ ಬಿದ್ದೇ ಹೋಗಬೇಕೆಂದು ಯಜಮಾನರು ಕಟ್ಟಪ್ಪಣೆ ಮಾಡಿದರು. ಅದನ್ನು ತಾವು ಎಷ್ಟು ನಿಷ್ಠೆಯಿಂದ ಪಾಲಿಸಿದಿರೆಂದರೆ, ವಾರದೊಳಗೆ ಅವರು ಹೇಳಿ ಬರೆಸಿದ, ನನ್ನನ್ನೇ ಕೆಲಸದಿಂದ ತೆಗೆಯುವ ಪತ್ರವನ್ನೂ "ತಿದ್ದಿ ಕಳಿಸಿ" ಎಂಬ ಟಿಪ್ಪಣಿಯೊಡನೆ ನನಗೇ ಕಳಿಸಿಕೊಟ್ಟಿರಿ.

ಕೆಲಸ ಕೆಲಸವೇ. ಅತ್ತೆಯವರಿಗೆ ಓದಿದೆ. ಅವರು ಮುಖ ಸಿಂಡರಿಸಲಿಲ್ಲ. ಬೆಳ್ಳುಳ್ಳಿ ಕೆಳಗಿಟ್ಟು, "ಯಾರನ್ನೇ ತೆಗೀತಿರೋದು, ಪಾಪ?" ಅಂದರು. ಯಾರೋ ಒಬ್ಬಳು ಅಂದೆ. "ಒಂದು ಒಳ್ಳೆ ಮಾತಾದ್ರೂ ಸೇರ್ಸು" ಅಂದರು. ಸೇರಿಸಿದೆ: ಐದು ವರ್ಷ ಚೆನ್ನಾಗಿ ದುಡಿದಿದ್ದಾಳೆಂದು. ಬಟ್ಟೆ ಹರವಿದೆ; ಒಣಗಿದವು; ಮಡಿಸಿದ್ದೂ ಆಯಿತು. ಫೋನು ಬರಲಿಲ್ಲ.

ಆದ್ದರಿಂದ ಪ್ರಾರ್ಥನೆ: ತಾವು ಹೇಗಾದರೂ ಮಾಡಿ ಒಬ್ಬ ಅತ್ತೆಯನ್ನು ಸಂಪಾದಿಸಿಕೊಳ್ಳಬೇಕು, ಒದ್ದೆ ಬಟ್ಟೆಯ ಭಾರ ತಿಳಿಯಬೇಕು, ಕಳಿಸುವ ಗುಂಡಿ ಒತ್ತುವಾಗ ಒಂದು ಸಲವಾದರೂ ತಮ್ಮ ಎದೆ ಡವಡವ ಅನ್ನಬೇಕು. ಇಷ್ಟಾದರೆ ನನ್ನ ಕುರ್ಚಿಯನ್ನು ನಾನೇ ಒರೆಸಿ ಬಿಟ್ಟುಕೊಡುತ್ತೇನೆ.

ಇದನ್ನೂ ನಾಲ್ಕು ಸಲ ಓದಿಕೊಂಡ,
ತಮ್ಮ ವಿಶ್ವಾಸಿ,
ಬಾಗಿಲು-ಕಿಟಕಿಯವರ ಕಾಣದ ಸಹಾಯಕಿ

ತಾ.ಕ.: ನನ್ನನ್ನು ತೆಗೆಯುವ ಪತ್ರದಲ್ಲಿ, ಕೆಲಸದ ಕೊನೆಯ ದಿನ ಸೆಪ್ಟೆಂಬರ್ ಮೂವತ್ತೊಂದು ಎಂದು ತಾವು ನಮೂದಿಸಿದ್ದೀರಿ. ಅದೊಂದನ್ನು ನಾನು ಮುಟ್ಟಿಲ್ಲ. ಅರೆಬರೆ ಓದಿದವಳು, ಮುಷ್ಟಿ ಹಿಡಿದು ಗೆಣ್ಣು ಎಣಿಸಿದೆ. ನನ್ನ ಕೈಯಲ್ಲಿ ಸೆಪ್ಟೆಂಬರ್ ಮೂವತ್ತಕ್ಕೇ ಮುಗಿಯುತ್ತದೆ. ತಮ್ಮ ಲೆಕ್ಕದ ದಿನ ಬರುವವರೆಗೆ ನಾನು ಕೆಲಸದಲ್ಲೇ ಇರುತ್ತೇನೆ. ಅವಸರವೇನಿಲ್ಲ, ಪುರುಸೊತ್ತಾದಾಗ ಆ ತಾರೀಖನ್ನು ಇನ್ನೊಮ್ಮೆ ನೋಡಿ.