ಹಳೇ ಮೇಟ್ರನ್ ಎದುರು ನಾನು ಸೋತ ಪಂದ್ಯಗಳು

ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬೆಳಿಗ್ಗೆ ಬಂದು, ಚೀಟಿ ಬರೆಸಿಕೊಂಡು, ಬೆಂಚಿನ ಮೇಲೆ ಕೂತಿರುತ್ತವೆ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಡ್ಯೂಟಿಯ ಮೇಲಿರುವಾಗ ಹಲ್ಲು ಕಾಣುವಂತೆ ನಗಬಾರದು ಎಂದು ಕಲಿತವಳು. ಆದ್ದರಿಂದ ಇಲ್ಲಿ ಬರೆದಿರುವ ಯಾವುದಕ್ಕೂ ನಾನು ಆಗ ನಕ್ಕಿಲ್ಲ. ಕೆಲವಕ್ಕೆ ಈಗಲೂ ನಗು ಬಂದಿಲ್ಲ. ಬೇರೆಯವರಿಗೆ ಹೇಳಿದರೆ ನಗುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ತಾತನ ಏಟು

ಒಂದು ಟ್ರಸ್ಟಿನವರು ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಈ ನಾಲ್ಕು ಕಡೆಯೂ ಸಣ್ಣ ಸಣ್ಣ ಆಸ್ಪತ್ರೆ ನಡೆಸುತ್ತಾರೆ. ಹೆಸರು ಬೇಡ. ಒಂದಾದ ಮೇಲೊಂದರಂತೆ ನಾಲ್ಕರಲ್ಲೂ ನಾನು ಮೇಟ್ರನ್ ಆಗಿದ್ದೇನೆ. ಮೂಳೆ ಮುರಿದವರಿಗೆ ಪ್ಲಾಸ್ಟರ್ ಹಾಕುವವನು ಮಾತ್ರ ನಾಲ್ಕಕ್ಕೂ ಒಬ್ಬನೇ. ದಿನಕ್ಕೊಂದು ಊರಿನಂತೆ ಟ್ರಸ್ಟಿನ ಜೀಪಿನಲ್ಲಿ ಸುತ್ತುತ್ತಾನೆ. ಕಾಲೇಜಿನಲ್ಲಿ ಬಾಕ್ಸಿಂಗ್ ಆಡಿದವನು, ಅದರ ಗುರುತಾಗಿ ಮೂಗು ಸ್ವಲ್ಪ ಎಡಕ್ಕೆ ತಿರುಗಿದೆ. ಅವನ ಅಪ್ಪ ಗರಡಿಯ ಪೈಲ್ವಾನರು.

ಕುಸ್ತಿ ಪಂದ್ಯಕ್ಕೆ ಮೊದಲು ಗರಡಿಯ ಹಿರಿಯರು ಕೂತು, ಮೈಕಟ್ಟು ನೋಡಿ, ಯಾರ ಮೇಲೆ ಯಾರು ಎಂದು ಗೊತ್ತುಮಾಡುತ್ತಾರೆ. ಅದಕ್ಕೆ ಜೋಡಿ ಕಟ್ಟುವುದು ಎಂದು ಹೆಸರು. ಈ ಪುಣ್ಯಾತ್ಮ ಅದನ್ನು ಬಾಕ್ಸಿಂಗಿಗೆ ತಂದಿದ್ದ. ಸತ್ತವರು, ಬದುಕಿರುವವರು, ಆನೆಯಂಥವರು, ಕಡ್ಡಿಯಂಥವರು, ಯಾರಾದರೂ ಸರಿ, ಬಾಯಲ್ಲೇ ಜೋಡಿ ಕಟ್ಟಿ ಬಾಯಲ್ಲೇ ಹೊಡೆದಾಡಿಸುತ್ತಿದ್ದ. ಅವನು ಪ್ಲಾಸ್ಟರ್ ಸುತ್ತುವಾಗ ರೋಗಿಗಳಿಗೆ ನೋವೇ ಗೊತ್ತಾಗುತ್ತಿರಲಿಲ್ಲ.

ನಾನು ಕೆ.ಆರ್. ನಗರದಲ್ಲಿದ್ದಾಗ ಗಂಡಸರ ವಾರ್ಡಿನಲ್ಲಿ ಕಾಲು ಮುರಿದ ಇಬ್ಬರು ಅಕ್ಕಪಕ್ಕದ ಮಂಚದಲ್ಲಿದ್ದರು. ಒಬ್ಬ ಮಿರ್ಲೆ ಕಡೆಯ ರೈತ, ಇನ್ನೊಬ್ಬ ಟಿಲ್ಲರ್ ಓಡಿಸುವವನು. ಟಿಲ್ಲರಿನವನು ಮೊಬೈಲಿನಲ್ಲಿ ಈಗಿನ ಕಾಲದ ಯಾವನೋ ವಿದೇಶಿ ಬಾಕ್ಸರನ್ನು ತೋರಿಸಿ, "ಇವ್ನ ಒಂದು ಗುದ್ದಿಗೆ ಎಮ್ಮೆ ಮಲೀಕತದೆ ಕಣಣ್ಣ" ಎಂದ. ರೈತನಿಗೆ ರೇಗಿತು. "ನಮ್ ತಾತ ಇದ್ದಿದ್ರೆ ಗೊತ್ತಾಗದು ಬುಡ್ಲಾ. ಮೂರು ಮುದ್ದೆ ಉಂಡು ಕುಸ್ತಿ ಮಟ್ಟಿಗಿಳಿಯಾನು" ಎಂದ. ಪ್ಲಾಸ್ಟರಿನವನು ಅಲ್ಲೇ ನಿಂತು ತಾತನಿಗೂ ಆ ಬಾಕ್ಸರಿಗೂ ಜೋಡಿ ಕಟ್ಟಿಯೇಬಿಟ್ಟ.

ನಾನು ವರಾಂಡದಲ್ಲಿದ್ದೆ. ಒಳಗೆ ದಡಾರ್ ಎಂದು ಸದ್ದಾಯಿತು. ಹೋಗಿ ನೋಡಿದರೆ ಡ್ರಿಪ್ ಸ್ಟ್ಯಾಂಡ್ ನೆಲದ ಮೇಲೆ, ಬಾಟಲಿ ಮಂಚದ ಕೆಳಗೆ, ಟಿಲ್ಲರಿನವನ ಕೈ ಅವನ ದವಡೆಯ ಮೇಲೆ.

"ಯಾರು ಹೊಡೆದಿದ್ದು?" ಎಂದು ಕೇಳಿದೆ.

ಪ್ಲಾಸ್ಟರಿನವನು ಬಾಟಲಿ ಹುಡುಕಲು ಮಂಚದ ಕೆಳಗೆ ಬಗ್ಗಿದ. ಕೊನೆಗೆ ರೈತನೇ ತಲೆ ತಗ್ಗಿಸಿಕೊಂಡು ಹೇಳಿದ. "ನಮ್ ತಾತ ಕಣಮ್ಮ."

ಬೆಳಕು ಚೆನ್ನಾಗಿದ್ದ ಜಾಗ

ನನಗಿಂತ ಮೊದಲು ಆ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದವರನ್ನು ಎಲ್ಲರೂ ಹಳೇ ಅಮ್ಮಾರು ಎನ್ನುತ್ತಿದ್ದರು. ಐದಡಿಯೂ ಇಲ್ಲದ, ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಓಡಾಡುತ್ತಿದ್ದ ಹೆಂಗಸಂತೆ. ಅವರ ಇಂಗ್ಲಿಷ್ ವರದಿಗಳನ್ನು ನಾನು ನೋಡಿದ್ದೇನೆ. ತಪ್ಪಿಲ್ಲದ ವಾಕ್ಯ ಒಂದಿದ್ದರೆ ಅದು ಸಹಿ. ಆದರೂ ನಾನು ಹೊಸ ಪರದೆ ಹಾಕಿಸಿದರೆ "ಹಳೇ ಅಮ್ಮಾರಿದ್ದಾಗ ಪರದೆನೇ ಬೇಕಿರ್ಲಿಲ್ಲ, ಅವ್ರು ಬಂದ್ರೆ ನೊಣನೂ ಒಳೀಕ್ ಬತ್ತಿರ್ಲಿಲ್ಲ" ಎನ್ನುತ್ತಿದ್ದರು. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ? ನನ್ನ ಸೀರೆಯ ನೆರಿಗೆ ಬೆಳಿಗ್ಗೆಯಿಂದ ಸಂಜೆವರೆಗೆ ಕದಲುವುದಿಲ್ಲ. ಅದನ್ನು ಒಬ್ಬರಾದರೂ ಹೇಳಬೇಡವೆ?

ಒಂದು ದಿನ ಮಧ್ಯಾಹ್ನ ಪ್ಲಾಸ್ಟರ್ ರೂಮಿನ ಬಾಗಿಲ ಬಳಿ ಹೋಗುತ್ತಿದ್ದೆ. ಕದ್ದು ಕೇಳುವುದು ನನ್ನ ಸ್ವಭಾವವಲ್ಲ. ಕೈಯಲ್ಲೊಂದು ಫೈಲಿತ್ತು, ಅದನ್ನು ಓದುವುದಿತ್ತು, ಅಲ್ಲಿ ಬೆಳಕು ಚೆನ್ನಾಗಿತ್ತು. ಒಳಗೆ ಊಟದ ಡಬ್ಬಿಗಳ ಸದ್ದಿನ ನಡುವೆ ಪ್ಲಾಸ್ಟರಿನವನು ಹೇಳುತ್ತಿದ್ದ. "ಇವತ್ತಿನ ಜೋಡಿ, ಹಳೇ ಅಮ್ಮಾರು ಮತ್ತೆ ಹೊಸ ಅಮ್ಮಾರು. ಮೊದ್ಲನೇ ರೌಂಡು. ಹೊಸ ಅಮ್ಮಾರು ಗ್ಲೌಸಿಗೆ ಇಸ್ತ್ರಿ ಆಗಿಲ್ಲ ಅಂತ ವಾಪಸ್ ಕಳ್ಸ್‌ತಾವ್ರೆ. ಅಷ್ಟೊತ್ಗೆ ಹಳೇ ಅಮ್ಮಾರು ಎರಡು ಬುಟ್ರು, ದವಡೆಗೊಂದು ಪಕ್ಕೆಗೊಂದು."

ಗೊಳ್ಳೆಂದು ನಗು. ಎರಡನೇ ರೌಂಡಿನಲ್ಲಿ ನನ್ನ ಕನ್ನಡಕ ಹೋಯಿತು. ಮೂರನೆಯದರಲ್ಲಿ ನಾನು ಹಗ್ಗ ಹಿಡಿದುಕೊಂಡು ನಿಂತಿದ್ದೆನಂತೆ. ನನ್ನ ಪರವಾಗಿ ಒಬ್ಬರೂ ಒಂದು ಮಾತಾಡಲಿಲ್ಲ. ಕೊನೆಗೆ ಆಯಾಳ ದನಿ ಕೇಳಿಸಿತು. "ಸಾಕು ಬುಡ್ಲಾ, ಈ ಅಮ್ಮಾರೇನೂ ಕಮ್ಮಿ ಇಲ್ಲ" ಎಂದಳು. ನನಗೆ ಕಣ್ಣಲ್ಲಿ ನೀರೇ ಬಂತು.

"ಎಂಗೆ ಕಮ್ಮಿ ಇಲ್ಲ ಯೋಳು" ಎಂದ ಪ್ಲಾಸ್ಟರಿನವನು.

"ಈ ತೂಕ ಇಟ್ಕಂಡು ಬಿದ್ರೆ ಹಳೇ ಅಮ್ಮಾರ ಮೇಲೇ ಬೀಳ್ತಾರೆ. ಅಲ್ಲಿಗೆ ಇಬ್ರದೂ ಮುಗೀತಲ್ಲ."

ನಿಯಮದ ಪ್ರಕಾರ

ಅಂದು ಮನೆಗೆ ಹೋದವಳು ಅನ್ನ ಮುಟ್ಟಲಿಲ್ಲ. ನಿವೃತ್ತಿಯಾಗುವುದರೊಳಗೆ ಒಂದೇ ಒಂದು ಪಂದ್ಯದಲ್ಲಾದರೂ ಆಕೆಯನ್ನು ಸೋಲಿಸಬೇಕು ಎಂದು ತೀರ್ಮಾನಿಸಿದೆ.

ಸ್ವಲ್ಪ ದಿನಕ್ಕೆ ನನಗೆ ಹುಣಸೂರಿಗೆ ವರ್ಗವಾಯಿತು. ಬಚಾವಾದೆ ಎಂದುಕೊಂಡೆ. ಅಲ್ಲಿಗೆ ಹೋಗಿ ನೋಡಿದರೆ ಆಕೆ ಅಲ್ಲೂ ನನಗಿಂತ ಮೊದಲು ಇದ್ದು ಹೋಗಿದ್ದರು. ಜೀಪೂ ಅಲ್ಲಿಗೆ ಬರುತ್ತಿತ್ತು. ನಾನು ಜಾಯಿನ್ ಆಗುವ ಮೊದಲೇ ನಾನು ಸೋತ ಸುದ್ದಿ ಜಾಯಿನ್ ಆಗಿತ್ತು.

ಯಾವುದನ್ನಾದರೂ ಮಾಡುವುದಾದರೆ ನಿಯಮದ ಪ್ರಕಾರ ಮಾಡಬೇಕು ಎಂಬುದು ನನ್ನ ಪಾಠ. ಬಾಕ್ಸಿಂಗಿನ ನಿಯಮಗಳನ್ನು ಓದಿದೆ. ಪ್ಲಾಸ್ಟರಿನವನನ್ನು ಕರೆದು ನಿಲ್ಲಿಸಿದೆ.

"ನೀವು ಪ್ಲಾಸ್ಟರ್ ರೂಮಿನಲ್ಲಿ ಏನು ಮಾಡುತ್ತೀರಿ ಎಂಬುದು ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ."

"ತಪ್ಪಾಯ್ತು ಕಣಮ್ಮ, ಇನ್ಮೇಲೆ ಆಡಕಿಲ್ಲ."

"ಆಡಬೇಡಿ ಎಂದು ಯಾರು ಹೇಳಿದರು? ಸರಿಯಾಗಿ ಆಡಿ. ಬಾಕ್ಸಿಂಗಿನಲ್ಲಿ ತೂಕದ ವಿಭಾಗಗಳಿವೆ. ಆಕೆಯ ತೂಕ ನನ್ನ ಅರ್ಧ. ಅಂಥ ಇಬ್ಬರನ್ನು ಒಂದೇ ರಿಂಗಿನಲ್ಲಿ ಇಳಿಸುವುದು ಅನ್ಯಾಯ."

ಅವನ ಮುಖ ಅರಳಿತು. "ಅದು ನಂಗೂ ಒಳೀತು ಕಣಮ್ಮ. ಅನ್ಯಾಯ ಆಗ್ಬಾರ್ದು ಅಂತ ಓದ್ ವಾರದಿಂದ ಅವ್ರ ಒಂದು ಕೈಯ ಹಿಂದಕ್ಕೆ ಕಟ್ಬುಟ್ಟಿದ್ದೀವಿ."

"ಆಮೇಲೆ?"

"ಆಮೇಲೇನು... ನೀವು ಈಗ ನಾಕ್ ರೌಂಡ್ ನಿಂತ್ಕತೀರ."

ಫೋಟೊ

ತೂಕದ ಮಾತು ಬೇಡವೆಂದು ವಯಸ್ಸಿನ ಮಾತು ತೆಗೆದೆ. ಆಕೆಯನ್ನು ಮೂವತ್ತರ ಪ್ರಾಯದಲ್ಲಿ ಇಳಿಸುತ್ತೀರಿ, ನನ್ನನ್ನು ಮಾತ್ರ ಈಗಿನ ಮಂಡಿನೋವಿನ ಸಮೇತ ಇಳಿಸುತ್ತೀರಿ, ಇದ್ಯಾವ ನ್ಯಾಯ ಎಂದೆ. "ನಿಮ್ಮ ಮೂವತ್ತ ನಾವು ಕಂಡಿಲ್ವಲ್ಲಮ್ಮ" ಎಂದ. ಮರುವಾರ ಜೀಪು ಬರುವ ದಿನಕ್ಕೆ ಮನೆಯಿಂದ ನನ್ನ ಹಳೆಯ ಫೋಟೊ ತಂದು ಮೇಜಿನ ಮೇಲಿಟ್ಟೆ. ಬಿಳಿ ಕ್ಯಾಪು, ನೆಟ್ಟಗಿನ ಬೆನ್ನು, ಸಣ್ಣ ಸೊಂಟ.

"ಯಾರಮ್ಮ ಇವ್ರು? ಒಳ್ಳೆ ಆಳು. ಕಾಲು ಎಂಗಿಟ್ಟವ್ರೆ ನೋಡಿ, ಬೀಳಾ ಪೈಕಿ ಅಲ್ಲ."

"ನಾನೇ."

ಫೋಟೊ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೊ ನೋಡಿದ. "ಬುಡಿ, ಇವತ್ತೇ ಜೋಡಿ ಕಟ್ತೀನಿ" ಎಂದು ಹೋದ. ಈ ಸಲ ನನಗೇ ಗೆಲುವು ಎಂದು ಸಂಜೆಯವರೆಗೆ ಕಾದೆ. ಜೀಪು ಹತ್ತುವ ಮೊದಲು ಅವನೇ ಬಂದು ಹೇಳಿದ. "ಎರಡನೇ ರೌಂಡಿಗೇ ಬಿದ್ಬುಟ್ರಿ ಕಣಮ್ಮ."

"ಆ ಹಳೇ ಅಮ್ಮನಿಗೆ ಏನು ಶಕ್ತಿಯಪ್ಪಾ!"

"ಅವ್ರು ಇವತ್ತು ಇಳೀನೇ ಇಲ್ಲ. ಫೋಟೊದ ನಿಮ್ಗೂ ಈಗಿನ ನಿಮ್ಗೂ ಕಟ್ಟಿದ್ದೆ. ಬೇಜಾರ್ ಮಾಡ್ಕಬೇಡಿ, ಗೆದ್ದೋರೂ ನೀವೇ ಅಲ್ವಾ?"

ತೇವ

ಪಿರಿಯಾಪಟ್ಟಣದಲ್ಲಿ ಹೊರಗಿನವರೊಬ್ಬರು ತೀರ್ಪು ಕೊಡಲಿ ಎಂದು ನಾನೇ ಹಟ ಹಿಡಿದೆ. ಅಲ್ಲೂ ಆಕೆ ಮೊದಲೇ ಇದ್ದು ಹೋಗಿದ್ದರು ಎಂದು ಬೇರೆ ಹೇಳಬೇಕಾಗಿಲ್ಲ. ವಾರ್ಡಿನಲ್ಲಿ ಜ್ವರ ಬಂದು ಮಲಗಿದ್ದ ಒಬ್ಬ ಹೊಗೆಸೊಪ್ಪಿನ ಬೆಳೆಗಾರರಿದ್ದರು. ಹರಾಜಿನಲ್ಲಿ ಬೇಲು ಎನ್ನುವ ಸೊಪ್ಪಿನ ಕಟ್ಟಿನಿಂದ ಒಂದು ಎಲೆ ಎಳೆದು, ಬೆರಳಲ್ಲಿ ಹೊಸಕಿ, ಮಾಲು ಎಂಥದು ಎಂದು ಹೇಳುವವರು. ಹಳೇ ಅಮ್ಮನ ಕೈಯಲ್ಲೂ ಔಷಧಿ ತೆಗೆದುಕೊಂಡವರು, ನನ್ನ ಕೈಯಲ್ಲೂ ತೆಗೆದುಕೊಂಡವರು. ಇವರಿಗಿಂತ ಯೋಗ್ಯ ರೆಫರಿ ಯಾರು?

ನಾನು ಅವರ ಗಂಜಿಗೆ ಉಪ್ಪು ಸರಿಯಾಗಿದೆಯೇ ಎಂದು ಎರಡು ದಿನ ಸ್ವತಃ ವಿಚಾರಿಸಿಕೊಂಡೆ. ಮೂರನೆಯ ದಿನ ಪ್ಲಾಸ್ಟರಿನವನು ಕೇಳಿದ. "ಯೋಳಿ ಗೌಡ್ರೆ, ಬಾಕ್ಸಿಂಗ್ ಬಿದ್ರೆ ಯಾರು ಗೆಲ್ತಾರೆ?"

ಗೌಡರು ನನ್ನನ್ನು ತಲೆಯಿಂದ ಕಾಲಿನವರೆಗೆ ಬೇಲು ನೋಡಿದಂತೆ ನೋಡಿದರು. "ಹಳೇ ಅಮ್ಮಾರು ಒಣಗಿದ ಎಲೆ, ಚುರುಕು. ಕಿಡಿ ತಾಕಿದ್ರೆ ಸಾಕು" ಎಂದರು. ನನ್ನ ಮುಖ ಕಂಡು ಪಾಪ ಎನಿಸಿರಬೇಕು. "ನೀವೂ ಒಳ್ಳೆ ಮಾಲೇ ಕಣವ್ವ. ಒಸಿ ತೇವ ಜಾಸ್ತಿ, ಅಷ್ಟೆ."

ಮರುದಿನದಿಂದ ಗಂಜಿಯ ಉಪ್ಪನ್ನು ಅವರೇ ವಿಚಾರಿಸಿಕೊಂಡರು.

ಎದುರಾಬದುರು

ಎಚ್.ಡಿ. ಕೋಟೆ ನನ್ನ ಕೊನೆಯ ಊರು, ಆಕೆ ಅಲ್ಲೂ ಇದ್ದು ಹೋದವರು. ನಿವೃತ್ತಿ ಹತ್ತಿರ ಬಂದಿತ್ತು, ಗೆಲುವು ಬಂದಿರಲಿಲ್ಲ. ಇಷ್ಟು ವರ್ಷವಾದರೂ ಆಕೆಯನ್ನು ನಾನು ಕಣ್ಣಾರೆ ಕಂಡಿರಲೂ ಇಲ್ಲ.

ಒಂದು ಬೆಳಿಗ್ಗೆ ಅಲ್ಲಿನ ಆಯಾ ಓಡಿಬಂದಳು. "ಅಮ್ಮೋ, ಹಳೇ ಅಮ್ಮಾರು ಬಂದವ್ರೆ! ನಾಯಿ ಕಚ್ಬುಟ್ಟದಂತೆ!"

ಕೋಟೆಯಲ್ಲಿರುವ ತಮ್ಮನ ಮನೆಗೆ ಬಂದಿದ್ದರಂತೆ. ಹಾಲು ತರಲು ಹೋದಾಗ ಬೀದಿನಾಯಿ ಮೀನಖಂಡಕ್ಕೆ ಬಾಯಿ ಹಾಕಿತ್ತು. ನಾನು ಇಂಜೆಕ್ಷನ್ ರೂಮಿಗೆ ಹೋಗುವಷ್ಟರಲ್ಲಿ ಇಡೀ ಆಸ್ಪತ್ರೆ ಬಾಗಿಲಲ್ಲಿತ್ತು. ಪ್ಲಾಸ್ಟರಿನವನು ಎಲ್ಲರಿಗಿಂತ ಮುಂದೆ. ಸ್ಟೂಲಿನ ಮೇಲೆ ನೀಲಿ ನೂಲಿನ ಸೀರೆಯ ಒಂದು ಹಿಡಿ ಹೆಂಗಸು ಕೂತಿತ್ತು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಇಷ್ಟು ವರ್ಷ ನನ್ನನ್ನು ನಾಲ್ಕೂ ಊರುಗಳಲ್ಲಿ ಹೊಡೆದು ಬೀಳಿಸಿದವರು ಇವರೇ.

ಗಾಯ ತೊಳೆದೆ. ತೋಳಿಗೆ ಚುಚ್ಚುಮದ್ದು ಕೊಟ್ಟೆ. ಆಕೆ ಹಾ ಎನ್ನಲಿಲ್ಲ. ಬಾಗಿಲಲ್ಲಿ "ಮೊದ್ಲನೇ ರೌಂಡು ಹಳೇ ಅಮ್ಮಾರ್ದು" ಎಂದು ಪಿಸುಮಾತು ಕೇಳಿಸಿತು.

ಆಕೆ ಕೆಳಗಿಳಿದು, "ಒಸಿ ವಾರ್ಡು ನೋಡ್ಬೋದಾ ಸಿಸ್ಟರ್?" ಎಂದರು. ಕುಂಟುತ್ತಲೇ ಹೊರಟರು. ಮಂಚದ ಕೆಳಗೆ ಬಗ್ಗಿದರು. ಹಾಸಿಗೆಯ ಮೂಲೆ ಎಳೆದರು. ಕಿಟಕಿಯ ಕಂಬಿಯ ಮೇಲೆ ಬೆರಳಾಡಿಸಿ ಆ ಬೆರಳನ್ನು ಬೆಳಕಿಗೆ ಹಿಡಿದರು. ಇನ್‌ಸ್ಪೆಕ್ಷನ್ನಿನ ದಿನ ಪ್ರೊಬೇಷನರ್ ಹುಡುಗಿ ನಿಲ್ಲುವಂತೆ ನಾನು ಹಿಂದೆ ನಿಂತಿದ್ದೆ.

ಆಕೆ ತಿರುಗಿ ಎಲ್ಲರನ್ನೂ ನೋಡಿದರು. "ನಿಮ್ಮ ಜೋಡಿ ಆಟ ನಂಗೆ ಗೊತ್ತಿಲ್ಲ ಅಂದ್ಕಂಡ್ರೇನ್ರಪ್ಪ? ನಾನಿದ್ದಾಗ ಈ ವಾರ್ಡು ಇಷ್ಟು ಚೆಂದಾಗಿ ಇರ್ಲಿಲ್ಲ. ಈ ತಾಯಿ ನನ್ನ ಮೀರಿಸ್ಬುಟ್ಟವ್ರೆ. ನಾನು ಸೋತೆ."

ಎಂದವರೇ ನನ್ನ ಬಲಗೈ ಹಿಡಿದು ರೆಫರಿಯ ಹಾಗೆ ಮೇಲೆತ್ತಿದರು. ಅವರ ಎತ್ತರಕ್ಕೆ ಅದು ನನ್ನ ಭುಜದವರೆಗೆ ಮಾತ್ರ ಬಂತು. ಉಳಿದದ್ದನ್ನು ನಾನೇ ಎತ್ತಿಕೊಂಡೆ.

ಚಪ್ಪಾಳೆಯೋ ಚಪ್ಪಾಳೆ. ರೋಗಿಗಳು ಎದ್ದು ಕೂತರು. ಅಷ್ಟು ವರ್ಷದ ಉರಿಯ ಮೇಲೆ ಯಾರೋ ತಣ್ಣೀರು ಸುರಿದಂತಾಯಿತು. ಡ್ಯೂಟಿಯಲ್ಲಿ ಹಲ್ಲು ಕಾಣುವಂತೆ ನಗಲು ಸಿದ್ಧಳಾಗಿದ್ದೆ. ಆಗ ಪ್ಲಾಸ್ಟರಿನವನು ತಿರುಗಿದ ಮೂಗನ್ನು ಕರ್ಚೀಫಿನಿಂದ ಒರೆಸಿಕೊಂಡ.

"ನೋಡಿದ್ರಾ ದೊಡ್ಡ ಗುಣವ? ಒಂದು ಏಟೂ ತಿನ್ನಲಿಲ್ಲ, ಆದ್ರೂ ಸೋತೆ ಅಂದ್ರು! ಇಂಗೆ ಬುಟ್ಕೊಡಕೆ ಎಂಥಾ ಗಂಡೆದೆ ಬೇಕು!"

"ಊ ಕಣಣ್ಣ. ಕೈ ಎತ್ತಿಸ್ಕಳೋರು ಊರ್ತುಂಬ ಅವ್ರೆ, ಎತ್ತೋರು ಎಲ್ಲವ್ರೆ?" ಎಂದಳು ಆಯಾ, ನನ್ನನ್ನು ನೋಡುತ್ತಲೇ.

"ಅಂಗಾದ್ರೆ ಗೆದ್ದೋರು?" ಎಂದು ಮಂಚದಿಂದ ಯಾರೋ ಕೇಳಿದರು.

"ಅದನ್ನೂ ಯೋಳ್ಬೇಕಾ? ಹಳೇ ಅಮ್ಮಾರೇ!"

ಮತ್ತೆ ಚಪ್ಪಾಳೆ, ಮೊದಲಿಗಿಂತ ಜೋರಾಗಿ. ನನ್ನ ಕೈ ಇನ್ನೂ ಮೇಲೇ ಇತ್ತು. ಮೆಲ್ಲಗೆ ಇಳಿಸಿಕೊಂಡೆ. ಹಳೇ ಅಮ್ಮ ನಗುತ್ತ ಚೀಲ ತೆಗೆದುಕೊಂಡು ಹೊರಟರು. ನಾನು ಗೇಟಿನವರೆಗೆ ಹೋಗಿ, ಕೈ ಹಿಡಿದು ಆಟೊ ಹತ್ತಿಸಿ, ಅತ್ಯಂತ ಗೌರವದಿಂದ ಹೇಳಿದೆ.

"ತಪ್ಪದೆ ಬನ್ನಿ ಸಿಸ್ಟರ್. ನಾಯಿ ಕಚ್ಚಿದ್ದಕ್ಕೆ ಒಂದು ಇಂಜೆಕ್ಷನ್ ಸಾಲದು. ಇನ್ನೂ ಮೂರು ಬಾಕಿ ಇವೆ. ಮೂರನ್ನೂ ನಾನೇ ಹಾಕುತ್ತೇನೆ."